ಹೆಡ್‌ಮೇಷ್ಟ್ರುಗಳು ಇಳಿಸಿದ ಹಾಯಿ

ಬಂದರಿನ ಅಧಿಕಾರಿ ಹಳೇ ಕಟ್ಟೆಯ ಅಂಚಿನಲ್ಲಿ ಬೋರಲು ಮಲಗಿ, ಹಗ್ಗಕ್ಕೆ ಕಟ್ಟಿದ ಹೂಕುಂಡವೊಂದನ್ನು ನೀರಿನ ಕಡೆಗೆ ಇಳಿಬಿಡುತ್ತಿದ್ದ. ಮಣ್ಣಿನ ಕುಂಡ, ಅದರಲ್ಲಿ ಕೆಂಪು ಹೂವಿನ ಗಿಡ. ಅವನ ಹೆಂಡತಿ ಹಿಂದೆ ನಿಂತು ಬೈಯುತ್ತಿದ್ದಳು.

"ಪರೀಕ್ಷೆ ಮಾಡೋಕೆ ನನ್ನ ಗಿಡಾನೇ ಬೇಕಿತ್ತಾ ನಿಮಗೆ? ಖಾಲಿ ಕುಂಡ ಸಿಗಲಿಲ್ವಾ?"

"ಖಾಲಿ ಕುಂಡ ಒಡೆದ್ರೆ ಯಾರಿಗೂ ಹೊಟ್ಟೆ ಉರಿಯಲ್ಲ ಕಣೇ. ಹೊಟ್ಟೆ ಉರೀಬೇಕು. ಆಗ್ಲೇ ಅದು ಪರೀಕ್ಷೆ."

ಅವನ ಕೊರಳಲ್ಲಿ ಸದಾ ದುರ್ಬೀನು ತೂಗುತ್ತಿತ್ತು. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲವೆಂದು ಊರು ಆಡಿಕೊಳ್ಳುತ್ತಿತ್ತು, ಹೆಸರೂ ಹಾಗೇ ಅಂಟಿಕೊಂಡಿತ್ತು: ದುರ್ಬೀನು. ಕುಂಡ ಗೋಡೆಯ ಮಧ್ಯಕ್ಕೆ ಬಂದಾಗ ಹಗ್ಗವನ್ನು ಕಲ್ಲಿನ ಗೂಟಕ್ಕೆ ಬಿಗಿದು, ಎದ್ದು ಅಂಗಿಯ ಧೂಳು ಕೊಡವಿ, ಪಕ್ಕದಲ್ಲಿ ನಿಂತಿದ್ದ ಹಾಯಿಮನೆಯ ಸೊಸೆಗೆ ಮತ್ತೊಮ್ಮೆ ಹೇಳಿದ.

"ಇಂಜಿನ್ ಮುಟ್ಟೋ ಹಾಗಿಲ್ಲ. ಬರೀ ಹಾಯಿ. ಒಂದು ಸುತ್ತು ಹೋಗಿ, ವಾಪಸ್ ಬಂದು, ಇಲ್ಲೇ ಈ ಗೋಡೆ ಪಕ್ಕ ನಿಲ್ಲಿಸ್ಬೇಕು. ಕುಂಡ ಉಳಿದ್ರೆ ಪರವಾನಗಿ. ಒಡೆದ್ರೆ..." ಅವನು ಮುಗಿಸಲಿಲ್ಲ. ಅಷ್ಟೇನೂ ಕೆಟ್ಟವನಲ್ಲ.

ಒಡೆದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಪೇಟೆಯ ಹೋಟೆಲಿನವನು ಬೆಳಗ್ಗೆಯೇ ಟೇಪು ಹಿಡಿದು ಬಂದು, ದೊಡ್ಡಮ್ಮನ ಮೇಲೆ ಎಲ್ಲೆಲ್ಲಿ ಊಟದ ಮೇಜು ಕೂರುತ್ತದೆಂದು ಅಳತೆ ಹಿಡಿದು ಹೋಗಿದ್ದ. ಕಂಬ ಅಡ್ಡ ಬರುತ್ತದೆ, ಕೊಯ್ಯಬೇಕು ಎಂದಿದ್ದ.

ದೊಡ್ಡಮ್ಮ ಎಂದರೆ ಹಾಯಿದೋಣಿ. ಊರಿನ ಅತಿ ಹಿರಿಯರಿಗಿಂತಲೂ ಹಿರಿಯಳು. ಅಗಲ ಸೊಂಟ, ಒಂದೇ ಕಂಬ, ಒಂದೇ ಒಂದು ಹಾಯಿ. ಆದರೆ ಅದೇನು ಸಾಮಾನ್ಯ ಹಾಯಿಯಲ್ಲ. ಬಿಚ್ಚಿ ಹರಡಿದರೆ ಒಂದು ಮದುವೆಗೆ ಚಪ್ಪರವಾಗುವಷ್ಟು ದೊಡ್ಡದು. ಅದನ್ನು ಹೊಲಿದದ್ದು, ಹರಿದಾಗಲೆಲ್ಲ ತೇಪೆ ಹಾಕಿದ್ದು ಕಟ್ಟೆಯ ಮೇಲಿನ ಹಾಯಿಮನೆಯಲ್ಲಿ. ಹೊಲಿದವಳು ಈ ಸೊಸೆಯ ಅತ್ತೆ.

ಸಭೆಗಳಿಗೆಂದು ಈ ಊರಿಗೆ ಬರುವವರಿಗೆ ಕೊರತೆಯಿರಲಿಲ್ಲ. ಹಳೇ ಉಗ್ರಾಣಗಳೆಲ್ಲ ಈಗ ಸಭಾಂಗಣಗಳು. ಬೆಳಗಿನಿಂದ ಭಾಷಣ ಕೇಳಿ ಕೇಳಿ ಬೆನ್ನು ಹಿಡಿದುಕೊಂಡವರನ್ನು ಸಂಘಟಕರು ಮಧ್ಯಾಹ್ನ ಗಾಳಿಗೆ ಬಿಡುತ್ತಿದ್ದರು. ಕೆಲವರು ಹಳೇ ಓಣಿಗಳಲ್ಲಿ ಅಲೆಯುತ್ತಿದ್ದರು. ಕೆಲವರು ಚಿಕ್ಕ ದೋಣಿ ಹತ್ತಿ ಹುಟ್ಟು ಹಾಕುತ್ತಾ ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದರು. ಹಗ್ಗ ಹೊಸೆಯುವ ಮನೆಗೆ ಹೋದವರು ಗಂಟು ಹಾಕಲು ಕಲಿತು, ಬಿಚ್ಚಲು ಮಾತ್ರ ಬಾರದೆ ಕತ್ತರಿ ಕೇಳುತ್ತಿದ್ದರು. ಇವೆಲ್ಲಕ್ಕಿಂತ ಹೆಸರು ಮಾಡಿದ್ದು ದೊಡ್ಡಮ್ಮನ ಸವಾರಿ. ಇಲ್ಲಿ ಅತಿಥಿ ಕಾಲು ಚಾಚಿ ಕೂರುವ ಹಾಗಿರಲಿಲ್ಲ. ಹಾಯಿ ಏರಿಸುವುದೂ ಅವರೇ, ಇಳಿಸುವುದೂ ಅವರೇ. ಬಂದವರು ಅಂಗೈ ಕೆಂಪಗೆ ಮಾಡಿಕೊಂಡು, ಮನೆಗೆ ಹೋಗಿ ವರ್ಷಗಟ್ಟಲೆ ಅದನ್ನೇ ಹೇಳಿಕೊಳ್ಳುತ್ತಿದ್ದರು.

ಅದನ್ನೆಲ್ಲ ನಡೆಸುತ್ತಿದ್ದವನು ಹಾಯಿಮನೆಯ ಸೊಸೆಯ ಗಂಡ. ಹೋದ ಚಳಿಗಾಲ ಜ್ವರವೆಂದು ಮಲಗಿದವನು ಏಳಲಿಲ್ಲ. ಪರವಾನಗಿ ಅವನ ಹೆಸರಿನಲ್ಲಿತ್ತು, ಅವನೊಂದಿಗೇ ಹೋಯಿತು.

ಅವಳು ಗಾಳಿಯನ್ನು ವಿಶ್ವವಿದ್ಯಾಲಯದಲ್ಲಿ ಓದಿದವಳು. ಈ ಊರಿಗೆ ಮೊದಲು ಬಂದದ್ದೇ ಗಾಳಿ ಅಳೆಯುವ ಯಂತ್ರ ಹೊತ್ತುಕೊಂಡು. ಕಟ್ಟೆಯ ಮೇಲೆ ಯಂತ್ರ ನಿಲ್ಲಿಸಿಕೊಂಡು ಕೂತವಳ ಪಕ್ಕ ಒಬ್ಬ ಬಂದು, ಕೆನ್ನೆಯನ್ನು ಗಾಳಿಗೆ ತಿರುಗಿಸಿ, ಯಂತ್ರ ಹೇಳುವ ಮೊದಲೇ ಗಾಳಿಯ ಲೆಕ್ಕ ಹೇಳಿ ನಕ್ಕಿದ್ದ. ಮದುವೆಯಾದ ಮೇಲೆ ಅವಳು ಚುಕ್ಕಾಣಿ ಹಿಡಿಯಲು ಕಲಿತಳು, ಅವನು ಯಂತ್ರವನ್ನು ಗೌರವಿಸಲು ಕಲಿತ. ಅವನು ಹೋದ ಮೇಲೆ ಅವಳು ಅಳಲಿಲ್ಲ. ಲೋಟ ಸುಡುತ್ತಿದ್ದರೂ ಕೈಗೆ ತಿಳಿಯುತ್ತಿರಲಿಲ್ಲ. ಧ್ವನಿ ಕೂಡ ಕುಗ್ಗಿಹೋಯಿತು; ಪಕ್ಕದಲ್ಲಿದ್ದವರನ್ನು ದಾಟಿ ಆಚೆ ಹೋಗುತ್ತಿರಲಿಲ್ಲ.

"ನಿನ್ನ ಮಾತು ಕೇಳಿಸ್ಕೋಬೇಕಾದ್ರೆ ನಾನು ಸೂಜಿ ಕೆಳಗಿಡ್ಬೇಕು, ಉಸಿರು ಬಿಗಿ ಹಿಡೀಬೇಕು," ಎನ್ನುತ್ತಿದ್ದಳು ಅತ್ತೆ.

ಆಳುಗಳೆಲ್ಲ ಬೇರೆ ದೋಣಿಗಳಿಗೆ ಹೋಗಿದ್ದರು. ಉಳಿದವನು ಚಿಕ್ಕಮಾವ, ಮಾವನ ತಮ್ಮ. ನೆಟ್ಟಗಿದ್ದದ್ದು ಒಂದೇ ಮಂಡಿ, ಆದರೆ ನಾಲಿಗೆ ಇಬ್ಬರಿಗಾಗುವಷ್ಟು. ನುರಿತ ಆಳುಗಳನ್ನು ಒಂದು ದಿನಕ್ಕೆ ಕೇಳಿ ತರೋಣವೆಂದರೆ ದುರ್ಬೀನು ಒಪ್ಪಲಿಲ್ಲ. "ನಾಳೆ ಅತಿಥಿಗಳ ಕೈಲಿ ತಾನೇ ಹಗ್ಗ ಎಳೆಸೋದು? ಹಾಗಾದ್ರೆ ಪರೀಕ್ಷೇನೂ ಅತಿಥಿಗಳ ಜೊತೇಲೇ ಆಗ್ಲಿ." ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಆ ದಿನ ಕಟ್ಟೆಗೆ ಇಳಿದುಬಂದ ಅತಿಥಿಗಳನ್ನು ನೋಡಿ ಚಿಕ್ಕಮಾವ ತಲೆಯ ಮೇಲೆ ಕೈಹೊತ್ತ.

"ಅಯ್ಯೋ ದೇವ್ರೇ. ಹೆಡ್‌ಮೇಷ್ಟ್ರುಗಳು."

ಹೌದು, ಶಾಲಾ ಮುಖ್ಯಸ್ಥರ ವಾರ್ಷಿಕ ಸಭೆ. ಗಂಡಸರು, ಹೆಂಗಸರು, ಎಲ್ಲರೂ ಬೆನ್ನ ಹಿಂದೆ ಕೈಕಟ್ಟಿಕೊಂಡೇ ನಡೆದು ಬಂದರು. ಮುಂದೆ ಇದ್ದವಳು ಎತ್ತರದ ಮೇಡಂ, ಕೊರಳಲ್ಲಿ ಸೀಟಿ. ರಜೆಯಲ್ಲೂ ಸೀಟಿ. ಹಿಂದೆ ಭಾರೀ ಮೈಯ ಒಬ್ಬ ಮೇಷ್ಟ್ರು, ಮೆಲ್ಲಗೆ ಮಾತಾಡಿದರೂ ಗುಡುಗಿದ ಹಾಗೆ. ಒಬ್ಬೊಬ್ಬರಾಗಿ ಹತ್ತುತ್ತಿದ್ದಂತೆ ದೊಡ್ಡಮ್ಮ ನೀರಿಗೆ ಇಳಿಯುತ್ತಾ ಹೋದಳು.

"ನೋಡು ಎಷ್ಟು ಮುಳುಗಿದ್ದಾಳೆ," ಚಿಕ್ಕಮಾವ ಅವಳ ಕಿವಿಯಲ್ಲಿ ಹೇಳಿದ. "ಇಷ್ಟೊಂದು ಶಿಸ್ತು ಒಂದೇ ದೋಣೀಲಿ ಯಾವತ್ತೂ ಕೂತಿಲ್ಲ."

ಅವಳು ದೋಣಿಯ ಪಕ್ಕೆಯನ್ನು ಬಗ್ಗಿ ನೋಡಿದಳು. ಯಾವಾಗಲೂ ಒಣಗಿರುವ ಹಲಗೆ ಇವತ್ತು ನೀರಿನೊಳಗಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಚಿಕ್ಕಮಾವ ಹಾಯಿ ಎತ್ತುವ ಏರುಹಗ್ಗವನ್ನು ಅವರ ಕೈಗೆ ಕೊಟ್ಟು, "ಎಲ್ಲಾರೂ ಸೇರಿ ಎಳೀಬೇಕು" ಎಂದ. ಆಗ ಶುರುವಾಯಿತು.

"ಎಳೀರಿ!" ಗುಡುಗು ಮೇಷ್ಟ್ರು ಅಂದ.

"ಮೊದಲು ಸಾಲು ನೆಟ್ಟಗಾಗ್ಲಿ!" ಸೀಟಿ ಮೇಡಂ ಅಂದಳು.

"ಹಿಂದಿನವರು ಮಾತಾಡ್ತಿದಾರೆ, ನನಗೆ ಕೇಳಿಸ್ತಿದೆ!" ಇನ್ನೊಬ್ಬಳು.

"ಎತ್ತರದ ಪ್ರಕಾರ ನಿಲ್ಲಿ!"

ಎಲ್ಲರೂ ಆಜ್ಞೆ ಕೊಟ್ಟರು, ಎಲ್ಲರೂ ಪಕ್ಕದವರು ಎಳೆಯುತ್ತಿದ್ದಾರೋ ಇಲ್ಲವೋ ಎಂದು ಕಣ್ಣಿಟ್ಟರು. ಹಗ್ಗ ಮಾತ್ರ ಅಲ್ಲಾಡಲಿಲ್ಲ. ಕಟ್ಟೆಯ ಮೇಲೆ ಸೇರಿದ್ದ ಜನ ಹೊಟ್ಟೆ ಹಿಡಿದು ನಗತೊಡಗಿದರು. ಹೋಟೆಲಿನವನು ಟೇಪನ್ನು ಜೇಬಿನಲ್ಲೇ ಸವರಿಕೊಂಡ.

ಅವಳು ಚುಕ್ಕಾಣಿ ಬಿಟ್ಟು ಸೀಟಿ ಮೇಡಂ ಬಳಿಗೆ ಹೋಗಿ ಕಿವಿಯ ಹತ್ತಿರ ಹೇಳಿದಳು: "ಮೇಡಂ, ಇಲ್ಲಿ ಮಕ್ಕಳು ಯಾರೂ ಇಲ್ಲ. ಎಳೆಯೋರು ನೀವೇ."

ಮೇಡಂ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ತಾನೇ ಹಗ್ಗ ಹಿಡಿದು, ಸೀಟಿಯನ್ನು ಹಲ್ಲಲ್ಲಿ ಕಚ್ಚಿದಳು. ಸೀಟಿ ಊದಿದಾಗಲೆಲ್ಲ ಒಂದು ಎಳೆತ. ಒಬ್ಬರನ್ನು ನೋಡಿ ಇನ್ನೊಬ್ಬರು ಎಳೆದರು. ಹಾಯಿ ಕಟ್ಟಿದ್ದ ಅಡ್ಡಮರ ಮೇಲಕ್ಕೆದ್ದಿತು, ಹಾಯಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಕಟ್ಟೆಯ ನಗು ನಿಂತು ಚಪ್ಪಾಳೆಯಾಯಿತು. ಮುಕ್ಕಾಲು ಏರಿತ್ತು, ಅಷ್ಟರಲ್ಲಿ ಪ್ರಯಾಣಿಕರ ಯಂತ್ರದೋಣಿಯೊಂದು ಪಕ್ಕದಲ್ಲಿ ಹಾದು ಅದರ ಅಲೆ ಬಂದು ಬಡಿಯಿತು. ದೊಡ್ಡಮ್ಮ ಒಮ್ಮೆ ಹೊರಳಿದಳು. ಚುಕ್ಕಾಣಿಯ ಬಳಿ ತೂಗಿದ್ದ ಕಂಚಿನ ಗಂಟೆ ಠಣ್ ಎಂದಿತು.

ಎಲ್ಲರೂ ಹಗ್ಗ ಬಿಟ್ಟರು. ಒಬ್ಬರೂ ಬಾಕಿಯಿಲ್ಲದೆ, ಒಂದೇ ಕ್ಷಣಕ್ಕೆ.

ಹಾಯಿ ಧೊಪ್ಪೆಂದು ಬಿತ್ತು. ಅಡ್ಡಮರ ಬಂದು ಕೂರಲೆಂದೇ ಇದ್ದ ಎರಡು ಕವಲುಗಳ ಮೇಲೆ ಕೂತಿತು, ಬಟ್ಟೆಯೆಲ್ಲ ಚಿಕ್ಕಮಾವನ ಮೇಲೆ. ಒಳಗಿನಿಂದ ಅವನ ಕೂಗು ಬಂತು: "ಯಾರ್ರೀ ಅದು ಕೈಬಿಟ್ಟೋರು?"

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸೀಟಿ ಮೇಡಂ ಕೈ ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ. "ಗಂಟೆ ಹೊಡೀತಲ್ಲ..."

"ಗಂಟೆ ಹೊಡೆದ್ರೆ?" ಚಿಕ್ಕಮಾವ ಬಟ್ಟೆಯಿಂದ ತಲೆ ಹೊರಹಾಕಿದ.

"ಪೀರಿಯಡ್ ಮುಗೀತು ಅಂತ."

ಗುಡುಗು ಮೇಷ್ಟ್ರು ತನ್ನ ಎರಡೂ ಅಂಗೈಗಳನ್ನು ಯಾರದೋ ಕೈಗಳೆಂಬಂತೆ ನೋಡಿಕೊಂಡ. "ನಾನು ಬಿಡ್ಬೇಕು ಅಂತ ಬಿಡಲಿಲ್ಲ ಕಣ್ರೀ. ಅದೇ ಬಿಡ್ತು." ಜೀವಮಾನವಿಡೀ ಗಂಟೆಗೆ ಪುಸ್ತಕ ಮುಚ್ಚಿದವರು, ಗಂಟೆಗೆ ಸೀಮೆಸುಣ್ಣ ಕೆಳಗಿಟ್ಟವರು. ಕೈಗೆ ಅಭ್ಯಾಸವಾದದ್ದನ್ನು ತಲೆ ತಡೆಯಲಾದೀತೇ?

ಅವಳ ತುಟಿಯ ಅಂಚಿನಲ್ಲಿ ಏನೋ ಸರಿದಂತಾಯಿತು. ನಗು ಎನ್ನುವ ಹಾಗಿರಲಿಲ್ಲ. ಸೊಂಟದಲ್ಲಿದ್ದ ಕರವಸ್ತ್ರ ತೆಗೆದು ಗಂಟೆಯ ನಾಲಿಗೆಗೆ ಸುತ್ತಿ ಕಟ್ಟಿದಳು. ಎರಡನೇ ಸಲ ಹಾಯಿ ಪೂರ್ತಿ ಏರಿತು. ಚಿಕ್ಕಮಾವ ಏರುಹಗ್ಗವನ್ನು ದೋಣಿಯ ಗೂಟಕ್ಕೆ ಬಿಗಿದ. ಗಾಳಿ ಹಾಯಿಯ ತುಂಬ ಕೂತಿತು. ದೊಡ್ಡಮ್ಮ ಕಟ್ಟೆಯಿಂದ ಸರಿದಳು.

ದೀಪಸ್ತಂಭ ದಾಟಿದ ಮೇಲೆ ಹೆಡ್‌ಮೇಷ್ಟ್ರುಗಳು ಹೆಡ್‌ಮೇಷ್ಟ್ರುಗಳಾಗಿ ಉಳಿಯಲಿಲ್ಲ. ಮೊದಲ ಅಲೆಯ ನೀರು ಮುಖಕ್ಕೆ ಹೊಡೆದಾಗ ಒಬ್ಬಳು ಕಿರುಚಿದಳು, ಎರಡನೆಯದಕ್ಕೆ ಎಲ್ಲರೂ ಬೇಕೆಂದೇ ಮುಂದಕ್ಕೆ ಹೋಗಿ ನಿಂತರು. ಗುಡುಗು ಮೇಷ್ಟ್ರು ಚಪ್ಪಲಿ ಕಳಚಿ ಎಸೆದು, ಹಾಯಿಯ ನೆರಳಿನಲ್ಲಿ ಕೂತು, ಹೆದರುತ್ತಾ ಕೇಳಿದ: "ಮಿಸ್, ಕಾಲು ನೀರಿಗೆ ಇಳಿಬಿಡಬಹುದಾ?"

ಅವಳು ತಲೆಯಾಡಿಸಿದಳು. ಅವನು ಕೃತಾರ್ಥನಾದ.

ಚುಕ್ಕಾಣಿಯ ಮರದ ಹಿಡಿ ಅವಳ ಅಂಗೈಯಲ್ಲಿ ಮಿಡಿಯುತ್ತಿತ್ತು. ಮರ ಬೆಚ್ಚಗಿದೆಯೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಹಳ ದಿನಗಳ ಮೇಲೆ ಅವಳ ಕೈಗೆ ಏನೋ ತಿಳಿದಿತ್ತು.

ಹಿಂದಿರುಗುವಾಗ ಗಾಳಿ ಬೆನ್ನಿಗೆ ಬಂತು, ಬಲವಾಗಿಯೇ ಬಂತು. ಬಂದರಿನ ಬಾಯಿ ಹತ್ತಿರವಾಗುತ್ತಿದ್ದಂತೆ ಚಿಕ್ಕಮಾವ ಕುಂಟುತ್ತಾ ಹಿಂದಕ್ಕೆ ಬಂದ. ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ.

"ನೋಡಮ್ಮ, ಎಳೆಯೋದು ಯಾರಿಗಾದ್ರೂ ಕಲಿಸಬಹುದು. ಬಿಡೋದು ಕಲಿಸೋಕಾಗಲ್ಲ. ಹಾಯಿ ಬೀಳ್ಬೇಕಾದ್ರೆ ಎಲ್ಲಾರೂ ಒಂದೇ ಸಲ ಕೈಬಿಡ್ಬೇಕು. ಹೊಸಬರು ಬಿಡಲ್ಲ, ಹೆದರಿ ಇನ್ನೂ ಗಟ್ಟಿ ಹಿಡ್ಕೊಳ್ತಾರೆ. ಒಬ್ಬ ಹಿಡ್ಕೊಂಡ್ರೂ ಸಾಕು, ಹಾಯಿ ಅರ್ಧಕ್ಕೆ ನಿಲ್ಲುತ್ತೆ, ದೊಡ್ಡಮ್ಮ ಹೋಗಿ ಕಲ್ಲಿಗೆ ಹಣೆ ಚಚ್ಕೊಳ್ತಾಳೆ. ನಿನ್ನ ಗಂಡ ಕೂಗಿದ್ರೆ ಪೇಟೇಗೇ ಕೇಳಿಸ್ತಿತ್ತು. ಅಂಥಾ ಕೂಗಿಗೇ ನಮ್ಮ ಆಳುಗಳಲ್ಲಿ ಯಾರಾದ್ರೂ ಒಬ್ಬ ತಡ ಮಾಡ್ತಿದ್ದ. ನೀನು..."

"ನಾನು ಕೂಗಲ್ಲ," ಎಂದಳು.

ಎಡಗೈಯಿಂದ ಗಂಟೆಯ ನಾಲಿಗೆಯ ಕರವಸ್ತ್ರ ಬಿಚ್ಚಿದಳು. ಚಿಕ್ಕಮಾವ ಅದನ್ನು ನೋಡಿದ, ಅವಳನ್ನು ನೋಡಿದ. ಗಂಟೆ ಅಲುಗದಂತೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಅವಳು ಹೇಳಿದಳು: "ಹಗ್ಗ ಗೂಟದಿಂದ ಬಿಚ್ಚಿ ಅವರ ಕೈಗೆ ಕೊಡಿ ಮಾವ. ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳಿ. ಬಿಡೋ ಮಾತೇ ಎತ್ಬೇಡಿ."

"ಎತ್ಬಾರ್ದಾ?"

"ಎತ್ತಿದ್ರೆ ಯೋಚನೆ ಮಾಡ್ತಾರೆ."

ಬಂದರಿನೊಳಗೆ ಬಂದಾಗ ಕಟ್ಟೆಯ ಮೇಲೆ ಇರುವೆ ನುಸುಳಲೂ ಜಾಗವಿರಲಿಲ್ಲ. ಹಾಯಿಮನೆಯ ಕಿಟಕಿಯಲ್ಲಿ ಅತ್ತೆ ಸೂಜಿ ಹಿಡಿದೇ ನಿಂತಿದ್ದಳು. ಗೋಡೆಯ ಮಧ್ಯದಲ್ಲಿ ಕುಂಡ ಕೆಂಪು ಚುಕ್ಕೆಯಾಗಿ ಕಂಡಿತು, ಬೆಳೆಯಿತು, ಹೂವಾಯಿತು.

ಅವಳ ಗಂಡನಿಗೆ ಒಂದು ಗುರುತಿತ್ತು. ಉಗ್ರಾಣದ ಮೂಲೆಯ ಹಸಿರು ಕಿಟಕಿ ಕಲ್ಲಿನ ಗೂಟದ ನೇರಕ್ಕೆ ಬಂದಾಗ ಹಾಯಿ ಬಿಡಬೇಕು. ಅದಕ್ಕಿಂತ ಮೊದಲು ಬಿಟ್ಟರೆ ದೋಣಿ ಕಟ್ಟೆ ತಲುಪದೆ ನಡುನೀರಿನಲ್ಲಿ ಮುಖ ಸಣ್ಣ ಮಾಡಿ ನಿಲ್ಲುತ್ತದೆ. ಆಮೇಲೆ ಬಿಟ್ಟರೆ ಕಲ್ಲು. ಅವನು ಅದನ್ನು ಅವಳಿಗೆ ಎಷ್ಟೋ ಸಲ ಹೇಳಿದ್ದ, ಅವಳು ಎಷ್ಟೋ ಸಲ ನೋಡಿದ್ದಳು. ಚಿಕ್ಕಮಾವ ಈಗ ಅದೇ ಕಿಟಕಿಯ ಮೇಲೆ ಕಣ್ಣು ನೆಟ್ಟು ಮುಂದೆ ನಿಂತಿದ್ದ.

ಆದರೆ ಅವಳ ಗಂಡ ಯಾವತ್ತೂ ಇಷ್ಟು ಭಾರ ಹೊತ್ತು ಬಂದಿರಲಿಲ್ಲ. ಒಣಗಿರಬೇಕಾದ ಹಲಗೆ ನೀರಿನಲ್ಲಿದೆ. ಭಾರದ ದೋಣಿ ನಿಲ್ಲಲು ಒಪ್ಪುವುದಿಲ್ಲ. ಹಾಯಿ ಇಳಿದ ಮೇಲೂ ನಡೆಯುತ್ತದೆ, ದೂರ ನಡೆಯುತ್ತದೆ. ಗಾಳಿಯೂ ಬೆನ್ನಿಗಿದೆ. ಅವಳು ಕೆನ್ನೆಯನ್ನು ತುಸು ತಿರುಗಿಸಿದಳು. ಗಾಳಿ ಕಿವಿಯ ಹಿಂದೆ ತಣ್ಣಗೆ ಮುಟ್ಟಿತು.

ಹಸಿರು ಕಿಟಕಿ ಇನ್ನೂ ಗೂಟದ ನೇರಕ್ಕೆ ಬಂದಿರಲಿಲ್ಲ.

ಅವಳು ಗಂಟೆಯ ಹಗ್ಗ ಹಿಡಿದಳು.

"ಈಗ್ಲೇ ಬೇಡ!" ಚಿಕ್ಕಮಾವ ಅಬ್ಬರಿಸಿದ. "ಕಿಟಕಿ ಬಂದಿಲ್ಲ! ಕಿಟಕಿ ಬಂದಿಲ್ಲ ಕಣೇ!"

ಅವಳು ಹೊಡೆದಳು.

ಠಣ್.

ಅಷ್ಟೂ ಕೈಗಳು ಒಂದೇ ಉಸಿರಿಗೆ ತೆರೆದುಕೊಂಡವು. ಹಗ್ಗ ಹಾವಿನಂತೆ ಮೇಲಕ್ಕೆ ಓಡಿತು, ಎಲ್ಲೂ ತೊಡರಲಿಲ್ಲ. ಅಷ್ಟಗಲದ ಹಾಯಿ ಆಕಾಶದಿಂದ ಜಾರಿ, ಅಡ್ಡಮರ ಕವಲುಗಳ ಮೇಲೆ ತೊಟ್ಟಿಲಿಗೆ ಮಗು ಇಳಿಸಿದಂತೆ ಕೂತಿತು. ಈ ಸಲ ಚಿಕ್ಕಮಾವ ಬಟ್ಟೆಯ ಹೊರಗಿದ್ದ. ಗುಡುಗು ಮೇಷ್ಟ್ರು ತೆರೆದ ಅಂಗೈಗಳನ್ನು ನೋಡಿಕೊಂಡು, "ಅಯ್ಯೋ, ಮತ್ತೆ ಬಿಟ್ಬಿಟ್ವಿ!" ಎಂದು ಗೋಳಾಡಿದ.

"ಬಿಟ್ರಿ! ಹೌದು ಬಿಟ್ರಿ!" ಚಿಕ್ಕಮಾವ ಕುಂಟುಗಾಲಲ್ಲೇ ಕುಣಿದ. "ಒಬ್ಬನೂ ಹಿಡ್ಕೊಳ್ಳಲಿಲ್ಲ! ಒಬ್ಬನೂ!"

ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ದೋಣಿ ನಡೆಯುತ್ತಿತ್ತು. ಗಾಳಿಯಿಲ್ಲ, ಹಾಯಿಯಿಲ್ಲ, ತನ್ನ ಭಾರದಿಂದಲೇ ಸದ್ದಿಲ್ಲದೆ ನಡೆಯುತ್ತಿತ್ತು. ಹಸಿರು ಕಿಟಕಿ ಬಂತು, ಹೋಯಿತು. ಇಲ್ಲಿ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಚಿಕ್ಕಮಾವನಿಗೂ ಈಗ ಹೊಳೆದಿರಬೇಕು, ಕುಣಿಯುವುದನ್ನು ನಿಲ್ಲಿಸಿದ. ಅವಳು ಚುಕ್ಕಾಣಿಯನ್ನು ಮೈಯಿಂದ ದೂರ ತಳ್ಳಿದಳು. ದೊಡ್ಡಮ್ಮ ಸೊಂಟ ತಿರುಗಿಸಿ, ಗೋಡೆಗೆ ಸಮನಾಗಿ, ನಿಧಾನವಾಗಿ, ಇನ್ನೂ ನಿಧಾನವಾಗಿ, ಯಾರದೋ ಮನೆಯಲ್ಲಿ ಮಲಗಿದವರನ್ನು ಎಬ್ಬಿಸದೆ ಒಳಬರುವ ನೆಂಟಳಂತೆ ಕಟ್ಟೆಯ ಪಕ್ಕಕ್ಕೆ ಬಂದು ನಿಂತಳು.

ಚಿಕ್ಕಮಾವ ಹಗ್ಗ ಎಸೆದ, ಕಟ್ಟೆಯವರು ಹಿಡಿದರು. ಇನ್ನೊಂದು ತುದಿಯನ್ನು ಅವನು ಮೇಷ್ಟ್ರುಗಳಿಗೆ ಕೊಟ್ಟು, ಗೂಟಕ್ಕೆ ಸುತ್ತುವವರೆಗೂ ಬಿಗಿಯಾಗಿ ಹಿಡಿದಿರಲು ಹೇಳಿದ. ದುರ್ಬೀನು ಮತ್ತೆ ಬೋರಲು ಮಲಗಿ, ಕೈಗೆ ಸಿಗುವ ದೂರದಲ್ಲಿದ್ದ ಕುಂಡವನ್ನು ದುರ್ಬೀನಿನಿಂದ ನೋಡತೊಡಗಿದ.

"ಅದನ್ನ ತೆಗೀರಿ," ಅವನ ಹೆಂಡತಿ ಅಂದಳು. "ಬರಿಗಣ್ಣಿಗೇ ಕಾಣ್ತಿದೆ."

ಕುಂಡಕ್ಕೂ ದೋಣಿಯ ಪಕ್ಕೆಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗವಿತ್ತು. ಗಿಡದ ಒಂದು ಎಲೆ ಮಾತ್ರ ದೊಡ್ಡಮ್ಮನ ಮೈಗೆ ತಾಗಿ ಅಲುಗುತ್ತಿತ್ತು.

ಕಟ್ಟೆ ಎದ್ದು ನಿಂತಿತು. ಟೋಪಿಗಳು ಹಾರಿದವು, ಯಾರೋ ತಗಡು ಬಡಿದರು. ಹೋಟೆಲಿನವನು ಟೇಪಿನ ಸಮೇತ ಜನರ ನಡುವೆ ಎಲ್ಲೋ ಕರಗಿಹೋದ. ದುರ್ಬೀನು ದೋಣಿಗೆ ಹಾರಿದ. ಅವನ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲು ಎಲ್ಲರ ಕೈ ಕುಲುಕಿದ. "ಪಾಸು! ಪಾಸಮ್ಮಾ! ಇಡೀ ಬಂದರಿಗೇ ಗೊತ್ತಾಗ್ಲಿ!" ಎನ್ನುತ್ತಾ, ಸಂಭ್ರಮ ತಡೆಯಲಾರದೆ, ಗಂಟೆಯ ಹಗ್ಗಕ್ಕೆ ಕೈ ಹಾಕಿದ.

ಗೂಟಕ್ಕೆ ಹಗ್ಗ ಇನ್ನೂ ಸುತ್ತಿರಲಿಲ್ಲ. ದೊಡ್ಡಮ್ಮನನ್ನು ಹಿಡಿದು ನಿಲ್ಲಿಸಿದ್ದು ಹೆಡ್‌ಮೇಷ್ಟ್ರುಗಳ ಕೈಗಳು ಮಾತ್ರ.

"ಮುಟ್ಬೇಡೀ!"

ಆ ಕೂಗಿಗೆ ಉಗ್ರಾಣದ ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ದುರ್ಬೀನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಕೂಗಿದವರು ಯಾರೆಂದು ಹಾಯಿಮನೆಯ ಸೊಸೆಯೂ ಒಂದು ಕ್ಷಣ ಸುತ್ತ ನೋಡಿದಳು. ಗಂಟಲು ಉರಿಯುತ್ತಿತ್ತು. ಆಗ ತಿಳಿಯಿತು.

ಮೇಲೆ ಕಿಟಕಿಯಲ್ಲಿ ಅತ್ತೆ ಸೂಜಿಯನ್ನು ಕೆಳಗಿಟ್ಟಿರಲಿಲ್ಲ. ಇಡುವ ಅಗತ್ಯ ಬಿದ್ದಿರಲಿಲ್ಲ. "ಕೇಳಿಸ್ತು ಕಣೇ!" ಎಂದು ಅಲ್ಲಿಂದಲೇ ಕೂಗಿದಳು. "ಇಲ್ಲೀವರೆಗೂ ಕೇಳಿಸ್ತು!"

ಅವಳು ನಕ್ಕಳು. ನಗುತ್ತಲೇ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಒಂದು ಕೈ ಇನ್ನೂ ಚುಕ್ಕಾಣಿಯ ಮೇಲಿತ್ತು, ಇನ್ನೊಂದರಿಂದ ಚಿಕ್ಕಮಾವನಿಗೆ ಗೂಟ ತೋರಿಸುತ್ತಿದ್ದಳು. ಅವನು ಹಗ್ಗವನ್ನು ಸುತ್ತಿದ, ಇನ್ನೊಮ್ಮೆ ಸುತ್ತಿದ, ಎಳೆದು ನೋಡಿ ತಲೆಯಾಡಿಸಿದ. ಮೇಷ್ಟ್ರುಗಳು ಮಾತ್ರ ತಮ್ಮ ಭಾಗವನ್ನು ಬಿಡದೆ, ಹಲ್ಲು ಕಚ್ಚಿ, ಕಣ್ಣು ಅವಳ ಮೇಲಿಟ್ಟು ಹಿಡಿದೇ ನಿಂತಿದ್ದರು.

"ಮಿಸ್," ಸೀಟಿ ಮೇಡಂ ಕೇಳಿದಳು, "ಇನ್ನೊಂದ್ ಸಲ ಹೋಗಬಹುದಾ?"

"ನಾಳೆ!" ಅವಳು ಕೂಗಿ ಹೇಳಿದಳು. ಮೆಲ್ಲಗೆ ಹೇಳಿದ್ದರೂ ಆಗುತ್ತಿತ್ತು.

ಆಮೇಲೆ ತಾನೇ ಗಂಟೆ ಹೊಡೆದಳು. ಅಷ್ಟೂ ಕೈಗಳು ಗಾಳಿಗೆ ಎದ್ದವು.